ಆಂಟಿಬಾಡಿಯನ್ನು ದೂರುವ ಮೊದಲು ಪೆಲೆಟ್ ನೋಡಿ

ಪ್ರಶ್ನೆ: ನನ್ನದು ಮಂಡ್ಯ. ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಒಂದು ಗಿಡದ ಸಾರ ಹೀಲಾ ಎಂಬ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆಯೇ ಎಂದು ನೋಡಲು ಪಾರ್ಪ್-1 ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ ಬಳಸಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ, ಬೇಕಾದುದನ್ನು ಬ್ಯಾಂಡ್ ಆಗಿ ತೋರಿಸುವ ಪರೀಕ್ಷೆ) ಮಾಡುತ್ತಿದ್ದೇನೆ. 116 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಬಳಿಯ ಬ್ಯಾಂಡ್ ಮಸುಕಾಗಿದೆ, 89ರ ಬಳಿ ಇನ್ನೊಂದು ದಟ್ಟವಾಗಿ ಬರುತ್ತದೆ. ಸಾರ ಹಾಕದ ಕೋಶಗಳಲ್ಲೂ ಹೀಗೆಯೇ. ಶುಕ್ರವಾರ ಕೋಶಗಳನ್ನು ತಟ್ಟೆಗೆ ಹಾಕಿ ಊರಿಗೆ ಹೋಗುತ್ತೇನೆ, ಸೋಮವಾರ ಸಾರ ಹಾಕಿ, ಮಂಗಳವಾರ ಟ್ರೈಟಾನ್ ಬಫರ್‌ನಲ್ಲಿ ಕೋಶಗಳನ್ನು ಒಡೆಯುತ್ತೇನೆ. ಆಂಟಿಬಾಡಿ ಕೆಟ್ಟಿದೆ ಎನ್ನುತ್ತಾರೆ ಜೊತೆಯವರು. ಇದ್ದ ದುಡ್ಡೆಲ್ಲ ಈ 100 ಮೈಕ್ರೋಲೀಟರಿಗೇ ಹೋಗಿದೆ.

ಉತ್ತರ: ಹೊಸದನ್ನು ತರಿಸಬೇಡಿ. ನೀವು ಬರೆದಿರುವುದನ್ನು ನೋಡಿದರೆ ಆಂಟಿಬಾಡಿ ತನ್ನ ಕೆಲಸ ಮಾಡುತ್ತಿದೆ.

ಪಾರ್ಪ್-1 ಡಿಎನ್‌ಎ ದುರಸ್ತಿಯ ಕಿಣ್ವ. ಎಳೆ ತುಂಡಾದ ಜಾಗಕ್ಕೆ ಹೋಗಿ ಅಂಟಿಕೊಂಡು, ಎಡಿಪಿ-ರೈಬೋಸ್ ಸರಪಣಿ ಹೆಣೆದು, ದುರಸ್ತಿಯ ಉಳಿದ ಪ್ರೋಟೀನುಗಳನ್ನು ಅಲ್ಲಿಗೆ ಕರೆಸುತ್ತದೆ. ಕೋಶ ಅಪೊಪ್ಟೋಸಿಸ್, ಅಂದರೆ ತನ್ನನ್ನು ತಾನೇ ಸಾಯಿಸಿಕೊಳ್ಳುವ ಹಾದಿ ಹಿಡಿದಾಗ ಕ್ಯಾಸ್ಪೇಸ್-3 ಎಂಬ ಕತ್ತರಿಸುವ ಕಿಣ್ವ ಇದನ್ನು 214 ಮತ್ತು 215ನೇ ಅಮೈನೋ ಆಮ್ಲಗಳ ನಡುವೆ ಕತ್ತರಿಸುತ್ತದೆ. ಆಗ ಸಿಗುವ ತುಂಡುಗಳು ಎರಡು: 24 ಮತ್ತು 89 ಕಿಲೋಡಾಲ್ಟನ್. ನಿಮ್ಮ ಆಂಟಿಬಾಡಿ ದೊಡ್ಡ ತುಂಡಿನ ಕಡೆಯ ಭಾಗವನ್ನು ಹಿಡಿಯುವಂಥದ್ದು. ಹಾಗಾಗಿ ಇಡೀ ಕಿಣ್ವವೂ ಕಾಣುತ್ತದೆ, 89ರ ತುಂಡೂ ಕಾಣುತ್ತದೆ. ಕೆಟ್ಟ ಆಂಟಿಬಾಡಿ ಸರಿಯಾಗಿ ಈ ಎರಡು ಅಳತೆಗಳಲ್ಲೇ ಬ್ಯಾಂಡ್ ಕೊಡುವುದು ಅಪರೂಪ.

ನನ್ನ ಅನುಮಾನವಿರುವುದು ನೀವು ಕೋಶ ಒಡೆಯುವ ರೀತಿಯ ಮೇಲೆ. ಇಡೀ ಪಾರ್ಪ್-1 ನ್ಯೂಕ್ಲಿಯಸ್‌ನೊಳಗೆ ಡಿಎನ್‌ಎಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಟ್ರೈಟಾನ್‌ನಂಥ ಮೃದು ಮಾರ್ಜಕದ ಬಫರ್ ಅದನ್ನು ಪೂರ್ತಿ ಬಿಡಿಸಲಾರದು. ಸೆಂಟ್ರಿಫ್ಯೂಜ್ ಮಾಡಿದಾಗ ಕ್ರೊಮ್ಯಾಟಿನ್ (ಡಿಎನ್‌ಎ ಮತ್ತು ಅದಕ್ಕೆ ಅಂಟಿದ ಪ್ರೋಟೀನುಗಳು) ಜೊತೆ ಅದೂ ತಳದ ಗಸಿಗೆ, ಅಂದರೆ ಪೆಲೆಟ್ಟಿಗೆ, ಇಳಿಯುತ್ತದೆ. 89ರ ತುಂಡಿನ ಕಥೆ ಬೇರೆ. ಡಿಎನ್‌ಎ ಹಿಡಿಯುವ ಮೊದಲ ಎರಡು ಜಿಂಕ್ ಫಿಂಗರ್‌ಗಳನ್ನು ಚಿಕ್ಕ ತುಂಡು ಒಯ್ದಿರುತ್ತದೆ, ಆದ್ದರಿಂದ ದೊಡ್ಡ ತುಂಡು ಸಡಿಲವಾಗಿ ಸುಲಭವಾಗಿ ಮೇಲಿನ ತಿಳಿಗೆ ಬರುತ್ತದೆ. ನೀವು ತಿಳಿಯನ್ನಷ್ಟೇ ಜೆಲ್‌ಗೆ ಹಾಕುತ್ತೀರಿ. ಬಸ್ಸಾರಿಗೆ ಕಟ್ಟು ಬಸಿದುಕೊಂಡು, ಕೆಳಗುಳಿದ ಕಾಳು ಸೊಪ್ಪನ್ನು ಚೆಲ್ಲಿ, ಪಾತ್ರೆಯಲ್ಲಿ ಕಾಳೇ ಇರಲಿಲ್ಲ ಎಂದಂತಾಯಿತು. ಸಂಶೋಧನೆಗೆ ಸೇರಿದ ಹೊಸತರಲ್ಲಿ ನಾನೂ ಎರಡು ತಿಂಗಳು ಈ ಪೆಲೆಟ್ಟನ್ನು ಎಸೆದಿದ್ದೇನೆ. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದನ್ನು ಒಂದೇ ದಿನದಲ್ಲಿ ಪರೀಕ್ಷಿಸಬಹುದು. ಎಸೆಯುವ ಪೆಲೆಟ್ಟಿಗೆ 2% ಎಸ್‌ಡಿಎಸ್ (ಪ್ರಬಲ ಮಾರ್ಜಕ) ಇರುವ ಸ್ಯಾಂಪಲ್ ಬಫರ್ ಹಾಕಿ. ಲೋಳೆಯಂತೆ ಎಳೆ ಎಳೆಯಾಗಿ ಏಳುತ್ತದೆ, ಅದು ಡಿಎನ್‌ಎ. ಸೋನಿಕೇಟರ್ ಇದ್ದರೆ ಅದರಲ್ಲಿಡಿ, ಇಲ್ಲದಿದ್ದರೆ ಸಣ್ಣ ಸೂಜಿಯ ಸಿರಿಂಜಿನಲ್ಲಿ ಹತ್ತಾರು ಬಾರಿ ಎಳೆದು ಬಿಡಿ. ಲೋಳೆ ಹೋಗಿ ತೊಟ್ಟಿಕ್ಕುವಂತಾದ ಮೇಲೆ 95 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿ, ತಿಳಿಯ ಪಕ್ಕದ ಲೇನ್‌ನಲ್ಲಿ ಓಡಿಸಿ. 116 ಅಲ್ಲಿ ದಟ್ಟವಾಗಿ ಬಂದರೆ ನಿಮ್ಮ ಉತ್ತರ ಸಿಕ್ಕಿತು. ಮುಂದೆ ಇಡೀ ಕೋಶವನ್ನೇ ನೇರವಾಗಿ ಎಸ್‌ಡಿಎಸ್ ಬಫರ್‌ನಲ್ಲಿ ಒಡೆಯಿರಿ.

ಆದರೂ ಸಾರ ಹಾಕದ ಕೋಶಗಳಲ್ಲಿ 89 ಏಕೆ ಬರಬೇಕು? ನಿಮ್ಮ ಶುಕ್ರವಾರವೇ ಕಾರಣವಿರಬಹುದು. ಹೀಲಾ ಹೆಚ್ಚುಕಡಿಮೆ ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ನಾಲ್ಕು ದಿನಕ್ಕೆ ಒಂದು ಹದಿನಾರಾಗುತ್ತದೆ. ಜಾಗವಿಲ್ಲದೆ, ಮೀಡಿಯಂ ಹಳದಿಗೆ ತಿರುಗಿ, ಕೋಶಗಳು ತಾವಾಗಿಯೇ ಸಾಯತೊಡಗುತ್ತವೆ. ಸೋಮವಾರ ಬೆಳಿಗ್ಗೆ ಬಂದು ಕೋಶಗಳನ್ನು ಹಾಕಿ, ಮಂಗಳವಾರ ಸಾರ ಹಾಕಿ. ತೇಲುವ ಕೋಶಗಳನ್ನು ಚೆಲ್ಲಬೇಡಿ, ಸಾರ ಹಾಕಿದ, ಹಾಕದ ಎರಡೂ ತಟ್ಟೆಗಳಿಂದ ತೇಲಿದ್ದನ್ನೂ ಅಂಟಿದ್ದನ್ನೂ ಒಟ್ಟಿಗೆ ಸೇರಿಸಿಕೊಳ್ಳಿ. ಸಾಯುವ ಕೋಶ ಮೊದಲು ತಟ್ಟೆ ಬಿಡುತ್ತದೆ.

ಜೊತೆಗೆ ಒಂದು ತಟ್ಟೆಗೆ ಅಪೊಪ್ಟೋಸಿಸ್ ಹುಟ್ಟಿಸುವ ಸ್ಟಾರೊಸ್ಪೊರಿನ್ 1 ಮೈಕ್ರೋಮೋಲಾರ್ ಹಾಕಿ ಕೆಲವು ಗಂಟೆ ಬಿಡಿ. 89 ಹೇಗೆ ಬರಬೇಕೆಂಬುದಕ್ಕೆ ಅದೇ ಅಳತೆಗೋಲು. ಪಾರ್ಪ್-1 ತಯಾರಾಗದಂತೆ ತಡೆಯುವ ಪುಟ್ಟ ಆರ್‌ಎನ್‌ಎ (ಎಸ್‌ಐಆರ್‌ಎನ್‌ಎ) ಸಿಕ್ಕಿದರೆ ಇನ್ನೂ ಒಳ್ಳೆಯದು. ಅದನ್ನು ಹಾಕಿದ ಮೇಲೆ ಎರಡೂ ಬ್ಯಾಂಡ್‌ಗಳು ಇಳಿದರೆ ಇವು ನಿಜಕ್ಕೂ ಪಾರ್ಪ್-1 ಬ್ಯಾಂಡ್‌ಗಳೇ ಎಂದು ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಗೇ ಉತ್ತರ ಸಿದ್ಧವಿರುತ್ತದೆ.

ಉಳಿದಿರುವ ಆಂಟಿಬಾಡಿಯನ್ನು ಜೋಪಾನ ಮಾಡಿ. ಅದರಲ್ಲಿ 50% ಗ್ಲಿಸರಾಲ್ ಇದ್ದರೆ ಮೈನಸ್ 20ರಲ್ಲಿ ಗಟ್ಟಿಯಾಗುವುದಿಲ್ಲ, ಹಾಗೆಯೇ ಬಿಡಿ. ಗ್ಲಿಸರಾಲ್ ಇಲ್ಲದಿದ್ದರೆ ಇವತ್ತೇ ಹತ್ತತ್ತು ಮೈಕ್ರೋಲೀಟರ್‌ನಂತೆ ಪುಟ್ಟ ಟ್ಯೂಬ್‌ಗಳಿಗೆ ಹಂಚಿ, ಫ್ರೀಜರಿನ ಬಾಗಿಲಲ್ಲಲ್ಲ, ಒಳಗೆ ಹಿಂಬದಿಯಲ್ಲಿಡಿ.