ಕೋಡ್ ಕಟ್ಟೆ: ಅಕ್ಷರ ಹೋಗಿ ಪ್ರಶ್ನೆ ಚಿಹ್ನೆ ಉಳಿದಾಗ

ಪ್ರೋಗ್ರಾಮ್ ಬರೆಯುವ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಕನ್ನಡ ಅಕ್ಷರಗಳದ್ದೇ ತಕರಾರು. ಹಾಗಾಗಿ ಅವನ್ನು ಮೊದಲು, ಸ್ವಲ್ಪ ವಿವರವಾಗಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಪಿಎಚ್‌ಪಿ ಭಾಷೆ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸಿ ಸಹಕಾರ ಸಂಘದ ಸದಸ್ಯರ ಪಟ್ಟಿ ಮಾಡಿದ್ದೇನೆ. ಫಾರ್ಮ್‌ನಲ್ಲಿ ಕನ್ನಡ ಸರಿಯಾಗಿಯೇ ಟೈಪ್ ಆಗುತ್ತದೆ. ಸೇವ್ ಮಾಡಿ ಮತ್ತೆ ತೆರೆದರೆ ಹೆಸರಿನ ಜಾಗದಲ್ಲಿ ಬರೀ ???? ಇರುತ್ತದೆ. ಹಳೆಯ ಕೆಲವು ಹೆಸರುಗಳು ವಿಚಿತ್ರ ರೋಮನ್ ಅಕ್ಷರಗಳಾಗಿವೆ. ಫಾಂಟ್ ಬದಲಿಸಿದರೂ ಸರಿಹೋಗಲಿಲ್ಲ. (ಶಿರಸಿ)

ಉತ್ತರ: ಫಾಂಟ್‌ನದು ತಪ್ಪಿಲ್ಲ. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು ಕಾಣುತ್ತಿದ್ದವು, ಪ್ರಶ್ನೆ ಚಿಹ್ನೆಗಳಲ್ಲ. ನೀವು ಹೇಳಿದ್ದು ಎರಡು ಬೇರೆ ಕಾಯಿಲೆಗಳು. ಒಂದು ವಾಸಿಯಾಗುತ್ತದೆ, ಇನ್ನೊಂದು ಆಗುವುದಿಲ್ಲ.

ಯಾವುದು ಯಾವುದು ಎಂದು ತಿಳಿಯಲು ಪರದೆಯನ್ನು ನಂಬಬೇಡಿ. ಹೆಸರಿನ ಕಾಲಂ ಮೇಲೆ ಹೆಕ್ಸ್ ಫಂಕ್ಷನ್ (ಬೈಟ್‌ಗಳನ್ನು 0-9, ಎ-ಎಫ್ ಸಂಕೇತಗಳಲ್ಲಿ ತೋರಿಸುವಂಥದ್ದು) ಹಾಕಿ ಸೆಲೆಕ್ಟ್ ಮಾಡಿ, ಡಿಸ್ಕ್‌ನಲ್ಲಿ ನಿಜಕ್ಕೂ ಯಾವ ಬೈಟ್‌ಗಳಿವೆ ನೋಡಿ. ಯುನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಅಕ್ಷರ, ಸ್ವರ ಚಿಹ್ನೆ, ಹಲಂತ) 3 ಬೈಟ್. 'ಕ' ಎಂದರೆ ಇ0 ಬಿ2 95. ಹೀಗೆ ಇ0 ಬಿ2 ಅಥವಾ ಇ0 ಬಿ3 ಮತ್ತೆ ಮತ್ತೆ ಬರುತ್ತಿದ್ದರೆ ಅಕ್ಷರ ಕ್ಷೇಮ. ಸಿ3ಎ0 ಸಿ2ಬಿ2 ಎಂದು ಶುರುವಾದರೆ ಎರಡು ಸಲ ಎನ್‌ಕೋಡ್ ಆಗಿದೆ: ಕನೆಕ್ಷನ್ ಲ್ಯಾಟಿನ್1 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಅಕ್ಷರ ಪಟ್ಟಿ, ಕನ್ನಡ ಇದರಲ್ಲಿಲ್ಲ) ಎಂದು ಹೇಳಿಕೊಂಡು ಯುಟಿಎಫ್-8 ಬೈಟ್‌ಗಳನ್ನು ಕಳಿಸಿದೆ, ಟೇಬಲ್ ಅವನ್ನೇ ಮತ್ತೊಮ್ಮೆ ಪರಿವರ್ತಿಸಿಕೊಂಡಿದೆ. ಬರೀ 3ಎಫ್ 3ಎಫ್ 3ಎಫ್ ಇದ್ದರೆ ಅಲ್ಲಿರುವುದು ನಿಜವಾದ ಪ್ರಶ್ನೆ ಚಿಹ್ನೆಗಳೇ. ಮೂಲ ಹೆಸರು ಹೋಯಿತು, ಬ್ಯಾಕಪ್ ಅಥವಾ ಕಾಗದದ ರಿಜಿಸ್ಟರ್ ನೋಡಿ ಮತ್ತೆ ಟೈಪ್ ಮಾಡಬೇಕು. ಇದನ್ನು ಸರಿಮಾಡಿಕೊಡುತ್ತೇವೆ ಎನ್ನುವ ಟೂಲ್‌ಗಳಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ ಚಿಹ್ನೆ ಬಂದದ್ದು ಕಾಲಂ ಲ್ಯಾಟಿನ್1 ಆಗಿರುವುದರಿಂದ. ಮೈಎಸ್‌ಕ್ಯೂಎಲ್ 5.7ರವರೆಗೆ ಅದೇ ಡಿಫಾಲ್ಟ್, 8.0ರಿಂದ ಯುಟಿಎಫ್8ಎಂಬಿ4 (ಪೂರ್ತಿ ಯುಟಿಎಫ್-8ಕ್ಕೆ ಮೈಎಸ್‌ಕ್ಯೂಎಲ್ ಇಟ್ಟ ಹೆಸರು) ಆಯಿತು. ತಪ್ಪು ಡೇಟಾವನ್ನು ಒಳಗೆ ಬಿಡದ ಸ್ಟ್ರಿಕ್ಟ್ ಮೋಡ್ ಇದ್ದರೆ 'ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ' ಎಂದು ಎರರ್ ಬಂದು ಅಲ್ಲೇ ಬಚಾವಾಗುತ್ತಿದ್ದಿರಿ. ಯಾರೋ ಆ ಎರರ್‌ನ ಕಾಟ ತಾಳಲಾರದೆ ಸ್ಟ್ರಿಕ್ಟ್ ಮೋಡ್ ತೆಗೆದಿದ್ದಾರೆ. ಅದನ್ನು ಮತ್ತೆ ಹಾಕಿ.

ದುರಸ್ತಿಯ ಕ್ರಮ ಹೀಗೆ. ಮೊದಲು ಪೂರ್ತಿ ಡಂಪ್ (ಡೇಟಾಬೇಸಿನ ಪ್ರತಿ) ತೆಗೆದಿಟ್ಟುಕೊಳ್ಳಿ. ಆಮೇಲೆ ಟೇಬಲ್ಲನ್ನು 'ಆಲ್ಟರ್ ಟೇಬಲ್ ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್' ಮೂಲಕ ಯುಟಿಎಫ್8ಎಂಬಿ4ಗೆ ತನ್ನಿ. ಪಿಎಚ್‌ಪಿಯಲ್ಲಿ ಕನೆಕ್ಟ್ ಆದ ಮರುಸಾಲಿನಲ್ಲೇ ಸೆಟ್-ಚಾರ್‌ಸೆಟ್ ಕರೆದು ಅದೇ ಹೆಸರು ಕೊಡಿ; ಪಿಡಿಒ ಮೂಲಕ ಕನೆಕ್ಟ್ ಆಗುವುದಾದರೆ ಕನೆಕ್ಷನ್ ವಿವರದ ಸಾಲಾದ ಡಿಎಸ್‌ಎನ್‌ನಲ್ಲೇ ಚಾರ್‌ಸೆಟ್ ಬರೆಯಬೇಕು. ಎರಡು ಸಲ ಎನ್‌ಕೋಡ್ ಆದ ಸಾಲುಗಳನ್ನು ಲ್ಯಾಟಿನ್1ಗೆ ಕನ್ವರ್ಟ್ ಮಾಡಿ, ಅದನ್ನು ಬೈನರಿಗೆ ಕಾಸ್ಟ್ ಮಾಡಿ, ಕೊನೆಗೆ ಯುಟಿಎಫ್8ಎಂಬಿ4ಗೆ ಕನ್ವರ್ಟ್ ಮಾಡಿದರೆ ಕನ್ನಡ ಎದ್ದು ಬರುತ್ತದೆ. ಮೊದಲು ಸೆಲೆಕ್ಟ್‌ನಲ್ಲಿ ನೋಡಿ, ಸರಿ ಕಂಡ ಸಾಲುಗಳಿಗಷ್ಟೇ ಅಪ್‌ಡೇಟ್ ಕೊಡಿ. ಸರಿಯಿರುವ ಸಾಲಿಗೂ ಇದನ್ನೇ ಹಾಕಿದರೆ ಅದೂ ಹಾಳು.

ಒಂದು ಹೊಂಡವಿದೆ. ಕಾಲಂ ಲ್ಯಾಟಿನ್1 ಇದ್ದು, ಹೆಕ್ಸ್ ಮಾತ್ರ ಸರಿಯಾಗಿ ಇ0 ಬಿ2 ತೋರಿಸುತ್ತಿದ್ದರೆ ನೇರ ಕನ್ವರ್ಟ್ ಮಾಡಕೂಡದು. ಮಾಡಿದರೆ ನೀವೇ ಎರಡನೇ ಎನ್‌ಕೋಡಿಂಗ್ ತಂದುಕೊಂಡಂತೆ. ಅಲ್ಲಿ ಕಾಲಮ್ಮನ್ನು ಮೊದಲು ವಾರ್‌ಬೈನರಿಗೆ ಬದಲಿಸಿ, ಆಮೇಲೆ ಯುಟಿಎಫ್8ಎಂಬಿ4 ವಾರ್‌ಚಾರ್ ಮಾಡಿ.

ಎಸ್‌ಕ್ಯೂಎಲ್ ಸರ್ವರ್ ಬಳಸುವವರಿಗೂ ಇದೇ ಪ್ರಶ್ನೆ ಚಿಹ್ನೆ ಬರುತ್ತದೆ. ವಿಂಡೋಸ್‌ನಲ್ಲಿ ವಾರ್‌ಚಾರ್ ಬಳಸುವಂಥ ಹಳೆಯ (ಆನ್ಸಿ) ಕೋಡ್ ಪೇಜ್, ಅಂದರೆ ಅಕ್ಷರ ಪಟ್ಟಿ, ಕನ್ನಡಕ್ಕೆ ಇಲ್ಲ, ಆದ್ದರಿಂದ ಮಾಮೂಲಿ ವಾರ್‌ಚಾರ್‌ನಲ್ಲಿ ಅದು ನಿಲ್ಲುವುದಿಲ್ಲ. ಎನ್‌ವಾರ್‌ಚಾರ್ ಬೇಕು, ಕ್ವೆರಿಯಲ್ಲಿ ಕೋಟ್‌ಗೆ ಮುಂಚೆ ದೊಡ್ಡ ಎನ್ ಬೇಕು.

ಪ್ರಶ್ನೆ: ನಮ್ಮ ಗ್ರಂಥಾಲಯದ ತಂತ್ರಾಂಶದಲ್ಲಿ 'ಬೆಂಗಳೂರು' ಎಂದು ಹುಡುಕಿದರೆ ಕೆಲವು ಪುಸ್ತಕ ಸಿಗುತ್ತವೆ, ಕೆಲವು ಸಿಗುವುದಿಲ್ಲ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. 'ರಾಜ್‌ಕುಮಾರ್' ಹುಡುಕಿದರೂ ಇದೇ ಪಾಡು. (ಧಾರವಾಡ)

ಉತ್ತರ: ಸಿಗದ ದಾಖಲೆಯಿಂದ ಆ ಪದವನ್ನು ಕಾಪಿ ಮಾಡಿ, ಪೈಥಾನ್‌ನಲ್ಲಿ ಒಂದೊಂದೇ ಅಕ್ಷರದ ಕೋಡ್ ಪಾಯಿಂಟ್ (ಯುನಿಕೋಡ್ ಸಂಖ್ಯೆ) ಮುದ್ರಿಸಿ. 'ಬೆ' ಆದ ಮೇಲೆ ಇರಬೇಕಾದದ್ದು 0ಸಿ82, ಅಂದರೆ ಅನುಸ್ವಾರ. ಬಹುಶಃ ಅಲ್ಲಿ 0ಸಿಇ6 ಸಿಗುತ್ತದೆ, ಅದು ಕನ್ನಡ ಅಂಕಿ ಸೊನ್ನೆ! 'ಬೆ೦ಗಳೂರು' ಮತ್ತು 'ಬೆಂಗಳೂರು' ಎರಡನ್ನೂ ಇಲ್ಲಿಯೇ ಹತ್ತಿರ ಹಿಡಿದು ನೋಡಿ. ಟೈಪ್ ಮಾಡಿದವರಿಗೆ ದುಂಡಗಿರುವುದೆಲ್ಲ ಸೊನ್ನೆಯೇ, ಕಂಪ್ಯೂಟರಿಗೆ ಹಾಗಲ್ಲ.

'ರಾಜ್‌ಕುಮಾರ್' ಕಥೆ ಬೇರೆ. 'ಜ್' ಆದ ಮೇಲೆ ಕಣ್ಣಿಗೆ ಕಾಣದ 200ಸಿ (ಜೋಡಣೆ ತಡೆಯುವ ಸಂಕೇತ) ಇದ್ದರಷ್ಟೇ ಅರ್ಧಾಕ್ಷರ ಬಿಡಿಯಾಗಿ ನಿಲ್ಲುತ್ತದೆ. ಅದಿಲ್ಲದಿದ್ದರೆ 'ರಾಜ್ಕುಮಾರ್' ಎಂದು ಒತ್ತಕ್ಷರವಾಗುತ್ತದೆ. 'ರ‍್ಯಾಂಕ್' ಬರೆಯಲು 200ಡಿ (ಜೋಡಿಸುವ ಕಾಣದ ಸಂಕೇತ) ಬೇಕು, ಇಲ್ಲದಿದ್ದರೆ ಅರ್ಕಾವತ್ತಿನ 'ರ್ಯಾಂಕ್' ಆಗುತ್ತದೆ. ಇದರ ಜೊತೆಗೆ 'ಕೋ' ಅಕ್ಷರದ ಸ್ವರ ಚಿಹ್ನೆ ಒಂದೇ ಕೋಡ್ ಆಗಿರಬಹುದು, ಮೂರು ತುಂಡುಗಳಾಗಿಯೂ ಇರಬಹುದು. ಹಳೆಯ ಕನ್ವರ್ಟರ್‌ಗಳಿಂದ ಬಂದ ಪಠ್ಯದಲ್ಲಿ ಎರಡನೆಯದನ್ನು ಅನುಮಾನಿಸಿ.

ಮೂಲ ಶೀರ್ಷಿಕೆಯನ್ನು ಮುಟ್ಟಬೇಡಿ. ಪಕ್ಕದಲ್ಲಿ ಹುಡುಕುವುದಕ್ಕೆಂದೇ ಇನ್ನೊಂದು ಕಾಲಂ ಇಡಿ. ಸೇವ್ ಮಾಡುವಾಗ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳು ಕೂಡಿ ಒಂದೇ ಕೋಡ್ ಆಗುವ ರೂಪ) ನಾರ್ಮಲೈಸ್ ಮಾಡಿ. ಪೈಥಾನ್, ಜಾವಾಸ್ಕ್ರಿಪ್ಟ್, ಸಿ ಶಾರ್ಪ್ ಮೂರರಲ್ಲೂ ಈ ಸೌಲಭ್ಯ ಇದೆ. 200ಸಿ, 200ಡಿ ಎರಡನ್ನೂ ತೆಗೆಯಿರಿ. ಕನ್ನಡ ಅಕ್ಷರ ಅಥವಾ ಸ್ವರ ಚಿಹ್ನೆಯ ಬೆನ್ನಿಗೇ ಅಂಕಿ ಸೊನ್ನೆ ಬಂದರೆ ಅನುಸ್ವಾರ ಮಾಡಿ. ಹಿಂದೆ ಅಂಕಿಯಿದ್ದರೆ ಬಿಟ್ಟುಬಿಡಿ, ೧೦ ಎಂಬುದು ೧೦ ಆಗಿಯೇ ಇರಲಿ. ಬಳಕೆದಾರರು ಟೈಪ್ ಮಾಡಿದ ಹುಡುಕು ಪದವನ್ನೂ ಇದೇ ಫಂಕ್ಷನ್ ಮೂಲಕ ಹಾಯಿಸಬೇಕು. ಒಂದು ಕಡೆ ಮಾತ್ರ ಮಾಡಿ ಇನ್ನೊಂದು ಕಡೆ ಮರೆಯುವುದೇ ಹೆಚ್ಚು.

ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಆದ ಕಡತಗಳಿದ್ದರೆ ಈ ಯಾವುದೂ ನಾಟುವುದಿಲ್ಲ. ಅಲ್ಲಿ ಒಳಗಿರುವುದು ರೋಮನ್ ಸಂಕೇತಗಳು, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಉಳಿದದ್ದು.

ಪ್ರಶ್ನೆ: ಹೆಸರಿಗೆ 10 ಅಕ್ಷರದ ಮಿತಿ ಇಟ್ಟಿದ್ದೇನೆ. 'ಲಕ್ಷ್ಮೀನಾರಾಯಣ' ಉದ್ದವಾಯಿತು ಎನ್ನುತ್ತದೆ. ಎಣಿಸಿದರೆ ಆರೇ ಅಕ್ಷರ! (ತುಮಕೂರು)

ಉತ್ತರ: ನಿಮ್ಮ ಲೆಕ್ಕ ಸರಿ: ಲ, ಕ್ಷ್ಮೀ, ನಾ, ರಾ, ಯ, ಣ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಎಣಿಸುವುದು ಸಂಕೇತಗಳನ್ನು. ಕ್ಷ್ಮೀ ಒಂದರಲ್ಲೇ ಕ, ್, ಷ, ್, ಮ, ೀ ಎಂದು ಆರು. ಒಟ್ಟು 13, ಯುಟಿಎಫ್-8ರಲ್ಲಿ 39 ಬೈಟ್. ಮೈಎಸ್‌ಕ್ಯೂಎಲ್ ವಾರ್‌ಚಾರ್‌ನ ಮಿತಿಯೂ ಸಂಕೇತಗಳ ಲೆಕ್ಕದ್ದೇ. ಇಂಗ್ಲಿಷಿಗೆ ಯೋಚಿಸಿದ ಮಿತಿಯನ್ನು ಮೂರು ಪಟ್ಟು ಮಾಡಿ, ಹೆಸರಿಗೆ ಹೇಗೂ 100 ಕೊಡಬಹುದು. ಅಕ್ಷರವನ್ನೇ ಎಣಿಸಬೇಕಾದರೆ ಹಲಂತದ (್) ನಂತರ ವ್ಯಂಜನ ಬಂದಾಗ ಹಿಂದಿನದಕ್ಕೇ ಸೇರಿಸಿಕೊಳ್ಳುವ ರೆಗ್ಯುಲರ್ ಎಕ್ಸ್‌ಪ್ರೆಷನ್ ನೀವೇ ಬರೆಯಿರಿ. ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಬ್ರೌಸರ್‌ನ ಸೆಗ್ಮೆಂಟರ್ ಕನ್ನಡದ ಒತ್ತಕ್ಷರವನ್ನು ಇಡಿಯಾಗಿ ಎಣಿಸೀತು ಎಂದು ನಂಬಿ ಕೂರಬೇಡಿ.

ಪ್ರಶ್ನೆ: ಸಿಎಸ್‌ವಿ ಫೈಲ್ ನೋಟ್‌ಪ್ಯಾಡ್‌ನಲ್ಲಿ ಚೆನ್ನಾಗಿದೆ, ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಕಲಸುಮೇಲೋಗರ. (ಹಾಸನ)

ಉತ್ತರ: ಫೈಲ್ ಯುಟಿಎಫ್-8 ಎಂಬುದು ಎಕ್ಸೆಲ್‌ಗೆ ಗೊತ್ತಾಗಿಲ್ಲ. ಮೊದಲ ಮೂರು ಬೈಟ್ ಇಎಫ್ ಬಿಬಿ ಬಿಎಫ್ ಇದ್ದರೆ ಗೊತ್ತಾಗುತ್ತದೆ. ಇದಕ್ಕೆ ಬಾಮ್ ಎನ್ನುತ್ತಾರೆ. ಪೈಥಾನ್‌ನಲ್ಲಿ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಎಂದು ಕೊಟ್ಟರೆ ತಾನೇ ಬರೆಯುತ್ತದೆ. ಈಗಾಗಲೇ ಕೈಯಲ್ಲಿರುವ ಫೈಲ್ ಆದರೆ ಎಕ್ಸೆಲ್‌ನ ಡೇಟಾ ಟ್ಯಾಬ್‌ನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಒತ್ತಿ, ಫೈಲ್ ಒರಿಜಿನ್‌ನಲ್ಲಿ 65001 ಆರಿಸಿ.

ಬಾಮ್ ಹಾಕಿದ ಮೇಲೆ ಅದೇ ಫೈಲನ್ನು ನಿಮ್ಮ ಪ್ರೋಗ್ರಾಮ್ ಮಾಮೂಲಿ ಯುಟಿಎಫ್-8 ಎಂದು ಓದಿದರೆ ಮೊದಲ ಕಾಲಮ್ಮಿನ ಹೆಸರಿಗೆ ಕಾಣದ ಅಕ್ಷರವೊಂದು ಅಂಟಿಕೊಂಡು 'ಕೀ ಎರರ್' ಬರುತ್ತದೆ. ಬೇರೆ ಕಾಲಂ ಎಲ್ಲ ಸರಿ, ಮೊದಲನೆಯದು ಮಾತ್ರ ಸಿಗುತ್ತಿಲ್ಲ ಎಂದರೆ ಕಾರಣ ಇದೇ. ಓದುವಾಗಲೂ ಸಿಗ್ ಹಾಕಿ.

ಪ್ರಶ್ನೆ: ಫಾರ್ಮ್‌ನಲ್ಲಿ ಮಾರ್ಚ್ 15 ಆರಿಸಿದರೆ ಡೇಟಾಬೇಸಿನಲ್ಲಿ 14 ಎಂದು ಸೇವ್ ಆಗುತ್ತದೆ. ಒಂದು ದಿನ ಕೂಡಿಸಿ ಸದ್ಯಕ್ಕೆ ಸಾಗಿಸಿದ್ದೇನೆ. (ಮಂಗಳೂರು)

ಉತ್ತರ: ಕೂಡಿಸಿದ್ದನ್ನು ಇವತ್ತೇ ತೆಗೆಯಿರಿ. ನಿಮ್ಮ ಕ್ಯಾಲೆಂಡರ್ ಕೊಡುತ್ತಿರುವುದು ಭಾರತದ ಮಧ್ಯರಾತ್ರಿ 12 ಗಂಟೆ. ಅದಕ್ಕೆ ಟು-ಐಎಸ್ಒ-ಸ್ಟ್ರಿಂಗ್ ಕರೆದಾಗ ಯುಟಿಸಿಗೆ (ಜಾಗತಿಕ ಸಮಯಕ್ಕೆ) ತಿರುಗಿ ಐದೂವರೆ ಗಂಟೆ ಹಿಂದಕ್ಕೆ, ಅಂದರೆ 14ರ ಸಂಜೆ 6:30ಕ್ಕೆ ಹೋಗುತ್ತದೆ. ನೀವು ಮೊದಲ ಹತ್ತು ಅಕ್ಷರ ಕತ್ತರಿಸಿಕೊಳ್ಳುತ್ತಿದ್ದೀರಿ.

ತಲೆಕೆಳಗಾದದ್ದೂ ಉಂಟು. '2024-03-15' ಎಂಬ ಬರೀ ದಿನಾಂಕವನ್ನು ಡೇಟ್‌ಗೆ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ ಎಂದೇ ಓದುತ್ತದೆ. ಇಲ್ಲಿ ಬೆಳಗ್ಗೆ 5:30 ಆಗಿ ತಾರೀಖು ಸರಿಯೇ ಕಾಣುತ್ತದೆ. ನ್ಯೂಜೆರ್ಸಿಯಲ್ಲಿ ಕೂತು ಅದೇ ಪುಟ ತೆರೆದವರಿಗೆ 14ರ ರಾತ್ರಿ 8 ಗಂಟೆ. ಹುಟ್ಟಿದ ದಿನ, ಬಿಲ್ಲಿನ ದಿನಾಂಕಗಳಿಗೆ ಗಂಟೆಯ ಹಂಗೇ ಬೇಡ. ವರ್ಷ, ತಿಂಗಳು, ದಿನವನ್ನು ಲೋಕಲ್ ಫಂಕ್ಷನ್‌ಗಳಿಂದ ತೆಗೆದು ನೀವೇ ಜೋಡಿಸಿ (ತಿಂಗಳು 0ಯಿಂದ ಶುರು, 1 ಕೂಡಿಸಿ), ಸ್ಟ್ರಿಂಗ್ ಆಗಿಯೇ ಕಳಿಸಿ, ಟೈಮ್‌ಸ್ಟ್ಯಾಂಪ್ ಬದಲು ಡೇಟ್ ಕಾಲಮ್ಮಿನಲ್ಲಿ ಇಡಿ.

ಪ್ರಶ್ನೆ: ಸಿ ಶಾರ್ಪ್ ವಿನ್‌ಫಾರ್ಮ್ಸ್‌ನಲ್ಲಿ 20,000 ಸಾಲಿನ ಎಕ್ಸೆಲ್ ಶೀಟನ್ನು ಎಸ್‌ಕ್ಯೂಎಲ್ ಸರ್ವರ್‌ಗೆ ಇಂಪೋರ್ಟ್ ಮಾಡುವಾಗ ಕಿಟಕಿ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಎನ್ನುತ್ತದೆ. ಡೂ-ಇವೆಂಟ್ಸ್ ಹಾಕಿದರೆ ಸರಿಹೋಗುತ್ತದೆ, ಆದರೆ ಕೆಲವು ದಾಖಲೆ ಎರಡೆರಡು ಸಲ ಸೇರುತ್ತವೆ. (ಹುಬ್ಬಳ್ಳಿ)

ಉತ್ತರ: ಎರಡೆರಡು ಸಲ ಸೇರುವುದು ಡೂ-ಇವೆಂಟ್ಸ್‌ನ ಕೃಪೆ. ಕೆಲಸ ಮಧ್ಯದಲ್ಲಿರುವಾಗಲೇ ಅದು ಮೌಸ್ ಕ್ಲಿಕ್ಕನ್ನು ಒಳಗೆ ಬಿಡುತ್ತದೆ. ತಾಳ್ಮೆ ಕೆಟ್ಟವರು ಮತ್ತೆ ಇಂಪೋರ್ಟ್ ಒತ್ತುತ್ತಾರೆ, ಮೊದಲನೆಯದರ ಹೊಟ್ಟೆಯೊಳಗೇ ಎರಡನೆಯದು ಶುರುವಾಗುತ್ತದೆ.

ಪರದೆ ಬಿಡಿಸುವುದು, ಕ್ಲಿಕ್ ಕೇಳುವುದು ಎಲ್ಲ ಒಂದೇ ಥ್ರೆಡ್‌ನ ಕೆಲಸ. ನಿಮ್ಮ ಲೂಪ್ ಅದನ್ನೇ ಹಿಡಿದಿಟ್ಟುಕೊಂಡಿದೆ. ಬಟನ್‌ನ ಕ್ಲಿಕ್ ಫಂಕ್ಷನ್‌ಗೆ ಅಸಿಂಕ್ ಸೇರಿಸಿ, ಮೊದಲ ಸಾಲಿನಲ್ಲಿ ಬಟನ್ ಡಿಸೇಬಲ್ ಮಾಡಿ, ಇಂಪೋರ್ಟನ್ನು ಟಾಸ್ಕ್-ರನ್ ಒಳಗಿಟ್ಟು ಅವೇಟ್ ಮಾಡಿ, ಫೈನಲಿ ಬ್ಲಾಕ್‌ನಲ್ಲಿ ಬಟನ್ ಮತ್ತೆ ಎನೇಬಲ್ ಮಾಡಿ. ಅವೇಟ್ ಬದಲು ಡಾಟ್ ರಿಸಲ್ಟ್ ಬರೆದರೆ ಮತ್ತೆ ಹಳೆಯ ಕಥೆಯೇ, ಕೆಲವೊಮ್ಮೆ ಶಾಶ್ವತ ಡೆಡ್‌ಲಾಕ್. ಟಾಸ್ಕ್ ಒಳಗಿಂದ ಲೇಬಲ್ ಮುಟ್ಟಿದರೆ 'ಕ್ರಾಸ್-ಥ್ರೆಡ್ ಆಪರೇಷನ್ ನಾಟ್ ವ್ಯಾಲಿಡ್' ಬರುತ್ತದೆ; ಅದಕ್ಕೆ ಪ್ರೋಗ್ರೆಸ್ ಕ್ಲಾಸ್ ಇದೆ, ಅದರ ಆಬ್ಜೆಕ್ಟನ್ನು ಕ್ಲಿಕ್ ಫಂಕ್ಷನ್‌ನಲ್ಲೇ ಸೃಷ್ಟಿಸಿ. ಪ್ರತಿ ಸಾಲಿಗೂ ವರದಿ ಬೇಡ, 200 ಸಾಲಿಗೊಮ್ಮೆ ಸಾಕು.

ಇಷ್ಟಾದರೂ ನಿಧಾನ ಹೋಗುವುದಿಲ್ಲ, ಕಿಟಕಿ ಮಾತ್ರ ಬಿಳಿಚಿಕೊಳ್ಳುವುದಿಲ್ಲ. ಸಾಲಿಗೊಂದು ಇನ್ಸರ್ಟ್ ಎಂದರೆ ಸರ್ವರ್‌ಗೆ 20,000 ಸಲ ಓಡಾಟ, 20,000 ಕಮಿಟ್. ಸಾಲುಗಳನ್ನು ಡೇಟಾ ಟೇಬಲ್‌ಗೆ ತುಂಬಿ, ಒಟ್ಟಾಗಿ ಸೇರಿಸುವ ಎಸ್‌ಕ್ಯೂಎಲ್-ಬಲ್ಕ್-ಕಾಪಿಗೆ ಕೊಡಿ.

ಪ್ರಶ್ನೆ: ನನ್ನ ಎಪಿಐ ಪೋಸ್ಟ್‌ಮನ್ ಟೂಲ್‌ನಲ್ಲಿ ಸರಿ, ರಿಯಾಕ್ಟ್ ಪುಟದಿಂದ ಕರೆದರೆ ಕಾರ್ಸ್ ಎರರ್. (ಮೈಸೂರು)

ಉತ್ತರ: ಕಾರ್ಸ್ ಎಂಬುದು ಒಂದು ತಾಣದ ಪುಟ ಅನುಮತಿಯಿಲ್ಲದೆ ಇನ್ನೊಂದು ತಾಣದ ಉತ್ತರ ಓದದಂತೆ ಬ್ರೌಸರ್ ಇಟ್ಟ ಕಾವಲು, ಪೋಸ್ಟ್‌ಮನ್‌ಗೆ ಅದು ಅನ್ವಯಿಸುವುದಿಲ್ಲ. ಲೋಕಲ್‌ಹೋಸ್ಟ್ 3000 ಮತ್ತು 5000 ಪೋರ್ಟ್‌ಗಳೂ ಅದರ ಕಣ್ಣಿಗೆ ಬೇರೆ ಬೇರೆ ಮನೆಗಳೇ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸ್ಟೇಟಸ್ ನೋಡಿ. ಬ್ರೌಸರ್ ಮೊದಲು ಅನುಮತಿ ಕೇಳುವ ಆಪ್ಷನ್ಸ್ ಕರೆಗೆ 401 (ಲಾಗಿನ್ ಇಲ್ಲ) ಬಂದಿದ್ದರೆ ಲಾಗಿನ್ ತಪಾಸಣೆ ಕಾರ್ಸ್‌ಗಿಂತ ಮುಂಚೆ ನಡೆಯುತ್ತಿದೆ, ಸರ್ವರ್ ಕೋಡ್‌ನಲ್ಲಿ ಕ್ರಮ ಅದಲುಬದಲು ಮಾಡಿ. 500 ಇದ್ದರೆ ಕಾರ್ಸ್ ಬರೀ ನೆಪ: ಸರ್ವರ್ ಬೇರೆ ಕಾರಣಕ್ಕೆ ಬಿದ್ದಿದೆ, ಬೀಳುವಾಗ ಅನುಮತಿಯ ಹೆಡರ್ ಕಳಿಸಿಲ್ಲ, ಲಾಗ್ ಓದಿ. ಕುಕ್ಕಿ ಕಳಿಸುತ್ತಿದ್ದರೆ ಆ ಹೆಡರ್‌ನಲ್ಲಿ ನಕ್ಷತ್ರ ಚಿಹ್ನೆ ನಡೆಯುವುದಿಲ್ಲ, ಪೂರ್ತಿ ವಿಳಾಸ ಬರೆಯಬೇಕು. ಫೆಚ್‌ನಲ್ಲಿ 'ನೋ-ಕಾರ್ಸ್' ಹಾಕುವ ಸಲಹೆ ಕೇಳಬೇಡಿ, ಎರರ್ ಮಾಯವಾಗುತ್ತದೆ, ಜೊತೆಗೆ ಉತ್ತರವೂ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಕಾಣುವ ಲೋಗೋ ಸರ್ವರ್‌ನಲ್ಲಿ 404 (ಫೈಲ್ ಸಿಗಲಿಲ್ಲ). (ಬಳ್ಳಾರಿ)

ಉತ್ತರ: ಫೈಲ್ ಹೆಸರಿನ ಕೊನೆಯ ಪಿಎನ್‌ಜಿ ದೊಡ್ಡ ಅಕ್ಷರದಲ್ಲಿದೆಯೇ ನೋಡಿ. ವಿಂಡೋಸ್‌ಗೆ ಚಿಕ್ಕದು ದೊಡ್ಡದು ಒಂದೇ, ಲಿನಕ್ಸ್‌ಗೆ ಅಲ್ಲ. ವಿಂಡೋಸ್‌ನಲ್ಲಿ ಸುಮ್ಮನೆ ರೀನೇಮ್ ಮಾಡಿದರೆ ಗಿಟ್ ಗಮನಿಸದೆ ಇರಬಹುದು. ಗಿಟ್ ಎಂವಿ ಬಳಸಿ ಮೊದಲು ಬೇರೊಂದು ಹೆಸರಿಗೆ, ಅಲ್ಲಿಂದ ಚಿಕ್ಕಕ್ಷರದ ಹೆಸರಿಗೆ ಬದಲಿಸಿ ಕಮಿಟ್ ಮಾಡಿ.