ಟಾರೂ ಬೇಕು, ಮಣ್ಣೂ ಬೇಕು: ಯಾವ ಗಾಡಿ ತಗೊಳ್ಳಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಟಾರು ರಸ್ತೆಗೂ ಮಣ್ಣು ರಸ್ತೆಗೂ ಒಗ್ಗುವ ಬೈಕ್ ಯಾವುದು ಅನ್ನುವವೇ ಜಾಸ್ತಿ. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ, ಊರು ಮೂಡಿಗೆರೆ ಹತ್ತಿರ. ಎರಡು ವಾರಕ್ಕೊಮ್ಮೆ ಒಬ್ಬನೇ ಬೈಕಿನಲ್ಲಿ ಹೋಗಿಬರುತ್ತೇನೆ. ಹಾಸನ, ಬೇಲೂರು ಮೇಲೆ ಹೋದರೆ ಒಳ್ಳೆ ರಸ್ತೆ. ಕೊನೆಯ ಆರು ಕಿ.ಮೀ. ಮಾತ್ರ ತೋಟದ ಮಣ್ಣು ರಸ್ತೆ, ಮಳೆಗಾಲದಲ್ಲಿ ಕೇಳಲೇಬೇಡಿ. ನನ್ನ ಎತ್ತರ ಐದು ಅಡಿ ಆರು ಇಂಚು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ತಗೊಳ್ಳಲೋ, ಹೀರೋ ಎಕ್ಸ್‌ಪಲ್ಸ್ 210 ತಗೊಳ್ಳಲೋ? ಗೆಳೆಯರೆಲ್ಲ ಕೆಟಿಎಂ 390 ಅಡ್ವೆಂಚರ್ ಅನ್ನುತ್ತಾರೆ. (ಮೂಡಿಗೆರೆ ಕಡೆಯ ಓದುಗ)

ಉತ್ತರ: ಮೊದಲು ಕೆಟಿಎಂ ವಿಷಯ ಮುಗಿಸಿಬಿಡೋಣ. ಗೆಳೆಯರು ಹೇಳಿದ್ದು ತಪ್ಪಲ್ಲ. 399 ಸಿಸಿ, 46 ಪಿಎಸ್ (ಎಂಜಿನ್ ಬಲದ ಅಳತೆ), 2025ರ ಹೊಸ ಗಾಡಿಗೆ ಮುಂದೆ 21 ಇಂಚಿನ ಸ್ಪೋಕ್ ಚಕ್ರವೂ ಬಂತು. ಆದರೆ ಅದರ ಮಜಾ ಇರುವುದು ಎಂಜಿನ್ ಜೋರಾಗಿ ತಿರುಗುವಾಗ. ತೋಟದ ಏರಿನಲ್ಲಿ ಮೆಲ್ಲಗೆ ಹತ್ತುವವರಿಗೆ ಆ ಮಜಾ ಸಿಗುವುದಿಲ್ಲ, ಬರೀ ಕ್ಲಚ್ ಹಿಡಿದು ಕೈ ನೋಯುತ್ತದೆ. ಅಲ್ಲಿ ಹಿಮಾಲಯನ್ 450 ಸ್ವಲ್ಪ ಮೇಲು, ಹಳೇ ಹಿಮಾಲಯನ್ 411ರಷ್ಟು ಅಲ್ಲದಿದ್ದರೂ.

ಈಗ ನಿಮ್ಮ ಎರಡು ಗಾಡಿ. ಹಿಮಾಲಯನ್ 450 ಅಂದರೆ 452 ಸಿಸಿ, 40 ಪಿಎಸ್, 17 ಲೀಟರ್ ಟ್ಯಾಂಕ್. ಹೆದ್ದಾರಿಯಲ್ಲಿ ನೂರರ ಮೇಲೂ ಎಂಜಿನ್‌ಗೆ ಆಯಾಸವಿಲ್ಲ. ಎಕ್ಸ್‌ಪಲ್ಸ್ 210ರಲ್ಲಿ ಇರುವುದು 24.6 ಪಿಎಸ್. ಎಂಬತ್ತು, ತೊಂಬತ್ತರಲ್ಲಿ ಆರಾಮಾಗಿ ಹೋಗುತ್ತದೆ. ನೂರು ದಾಟಿದ ಮೇಲೆ ದುಡಿಯುತ್ತಿರುವುದು ಕಿವಿಗೇ ಗೊತ್ತಾಗುತ್ತದೆ, ಎದುರುಗಾಳಿ ಇದ್ದರೆ ಇನ್ನೂ ಜಾಸ್ತಿ. ಇಷ್ಟೇ ನೋಡಿದರೆ ಹಿಮಾಲಯನ್ ಗೆದ್ದಂತೆ, ಅಲ್ವಾ? ಎಲ್ಲರೂ ಇಲ್ಲಿಗೇ ಲೆಕ್ಕ ನಿಲ್ಲಿಸಿ ಶೋರೂಂಗೆ ಹೋಗಿಬಿಡುತ್ತಾರೆ.

ತೂಕ ನೋಡಿ. ಹಿಮಾಲಯನ್ 196 ಕೆಜಿ, ಎಕ್ಸ್‌ಪಲ್ಸ್ 170ರ ಆಸುಪಾಸು. ಶೋರೂಂನಲ್ಲಿ ಸೈಡ್ ಸ್ಟ್ಯಾಂಡ್‌ನಿಂದ ಎತ್ತುವಾಗ ಈ 26 ಕೆಜಿ ಗೊತ್ತೇ ಆಗುವುದಿಲ್ಲ. ಜುಲೈ ತಿಂಗಳ ಸಂಜೆ, ಕೆಮ್ಮಣ್ಣಿನ ಇಳಿಜಾರಿನಲ್ಲಿ, ಬ್ಯಾಗೂ ಕಟ್ಟಿಕೊಂಡು ಜಾರಿ ಬಿದ್ದ ಗಾಡಿಯನ್ನು, ಕಾಲಿಗೆ ಜಿಗಣೆ ಹತ್ತುತ್ತಿರುವಾಗ ಒಬ್ಬರೇ ಎತ್ತಬೇಕಲ್ಲ, ಆಗ ಗೊತ್ತಾಗುತ್ತದೆ. ಕಿಲೋಮೀಟರ್ ಜಾಸ್ತಿ ಇರುವುದು ಟಾರಿನಲ್ಲಿ ನಿಜ. ಆದರೆ ನೀವು ಬೀಳುವುದು ಆ ಆರು ಕಿ.ಮೀ.ಯಲ್ಲಿ. ಟಾರಿನಲ್ಲಿ ಚಿಕ್ಕ ಗಾಡಿ ನಿಮ್ಮನ್ನು ಅರ್ಧ ಗಂಟೆ ತಡ ಮಾಡಿಸಬಹುದು. ಮಣ್ಣಿನಲ್ಲಿ ಭಾರದ ಗಾಡಿ ಕಾಲು ಮುರಿಯಬಹುದು.

ಒಂದು ಕೆಲಸ ಮಾಡಿ. ಗೆಳೆಯರ ಹಿಮಾಲಯನ್ ಇದ್ದರೆ ಹುಲ್ಲಿನ ಮೇಲೆ, ಅವರ ಒಪ್ಪಿಗೆ ತೆಗೆದುಕೊಂಡೇ, ಮಲಗಿಸಿ ಎತ್ತಿ ನೋಡಿ. ಎಂಜಿನ್ ಆಫ್ ಮಾಡಿ ಗೇರ್‌ನಲ್ಲಿ ಇಡಿ, ಇಲ್ಲದಿದ್ದರೆ ಉರುಳುತ್ತದೆ. ಬಲಕ್ಕೆ ಮಲಗಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿಡಿ, ಎತ್ತಿದ ಮೇಲೆ ಎಡಕ್ಕೆ ವಾಲಿದರೂ ನಿಲ್ಲುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಬೆನ್ನು ಸೀಟಿಗೆ ಕೊಟ್ಟು, ಸೊಂಟದಿಂದ ಅಲ್ಲ, ಕಾಲಿನ ಬಲದಿಂದ ಹಿಂದಕ್ಕೆ ತಳ್ಳುತ್ತಾ ಎತ್ತಿ. ಸರಾಗವಾಗಿ ಎರಡು ಸಲ ಎತ್ತಿದಿರಾ, ಹಿಮಾಲಯನ್ ತಗೊಳ್ಳಿ. ಇಲ್ಲವಾ, 210 ತಗೊಳ್ಳಿ.

ದುಡ್ಡಿನ ವಿಷಯವೂ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 18%ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡದಕ್ಕೆ 40% ಆಯಿತು. ಹಿಮಾಲಯನ್ನೂ ಕೆಟಿಎಂ 390ಯೂ ಆ ಗೆರೆಯ ಆಚೆ, 210 ಈಚೆ. ಆನ್ ರೋಡ್ ಬೆಲೆಯಲ್ಲಿ ಲಕ್ಷದ ಮೇಲೆ ವ್ಯತ್ಯಾಸ. ಉಳಿದ ದುಡ್ಡಿನಲ್ಲಿ ಒಳ್ಳೆ ಬೂಟು, ಮಂಡಿ ಗಾರ್ಡು, ಮಣ್ಣು ಹಿಡಿಯುವ ಟೈರು ಬಂದು ಇನ್ನೂ ಮಿಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ 210. ಮದುವೆಯಾಗಿ ಹಿಂದೆ ಒಬ್ಬರು ಕೂರುವ ಯೋಚನೆ ಹತ್ತಿರದಲ್ಲೇ ಇದ್ದರೆ ಮಾತ್ರ ಈ ಉತ್ತರ ಬದಲಾಗುತ್ತದೆ.

ಪ್ರಶ್ನೆ: ನನ್ನ ಎತ್ತರ ಐದು ಅಡಿ ಎರಡು ಇಂಚು. ನವಲಗುಂದದ ಕಡೆ ಹೊಲದ ರಸ್ತೆಯಲ್ಲಿ ಓಡಾಟ. ಇಂಥ ಬೈಕೆಲ್ಲ ನನಗೆ ಎತ್ತರವೇ. ಸಸ್ಪೆನ್ಷನ್ ತಗ್ಗಿಸಿಕೊಡುತ್ತೇವೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಬಹುದಾ? (ಧಾರವಾಡ ಜಿಲ್ಲೆಯ ಓದುಗಿ)

ಉತ್ತರ: ಅವಸರ ಮಾಡಬೇಡಿ ಮೇಡಂ. ಹಿಂದೆ ಮಾತ್ರ ತಗ್ಗಿಸಿದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕ್‌ನ ಕೋನ ಬದಲಾಗಿ ಹ್ಯಾಂಡಲ್ ತಿರುಗುವ ರೀತಿಯೇ ಬೇರೆಯಾಗುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ನೆಟ್ಟಗೆ ನಿಂತು ಬೀಳುತ್ತದೆ, ಅದನ್ನೂ ಕತ್ತರಿಸಬೇಕು. ಕಲ್ಲಿಗೆ ತಳ ತಾಗುತ್ತದೆ. ಯಾವುದಕ್ಕೆ ಇಂಥ ಗಾಡಿ ತಗೊಂಡಿರೋ ಅದನ್ನೇ ಕಳೆದುಕೊಂಡಂತೆ.

ಮೊದಲು ಸೀಟು ನೋಡಿ. ಹಿಮಾಲಯನ್ 450ರ ಸೀಟು 825 ಮಿ.ಮೀ., ಕಂಪನಿಯದೇ ತಗ್ಗಿನ ಸೀಟು ಹಾಕಿಸಿದರೆ 805. ಹಳೇ 411ರದು 800. ಬರೀ ಎತ್ತರ ನೋಡಬೇಡಿ, ಅಗಲವನ್ನೂ ನೋಡಿ: ಮುಂಭಾಗ ಸಪೂರವಿದ್ದರೆ ಕಾಲು ನೇರ ಕೆಳಗೆ ಬರುತ್ತದೆ. ಎರಡೂ ಪಾದ ಪೂರ್ತಿ ಊರಬೇಕಿಲ್ಲ. ನಿಲ್ಲಿಸುವಾಗ ಸೀಟಿನಲ್ಲಿ ಸ್ವಲ್ಪ ಎಡಕ್ಕೆ ಸರಿದು ಒಂದು ಪಾದ ಗಟ್ಟಿಯಾಗಿ ಊರುವುದನ್ನು ಕಲಿತರೆ ಸಾಕು.

ನಿಮ್ಮ ಕಡೆ ಎರೆ ಮಣ್ಣು. ಒಣಗಿದ್ದಾಗ ಚಿಂತೆಯಿಲ್ಲ. ಒಂದು ಹದ ಮಳೆ ಬಿದ್ದರೆ ಟೈರಿಗೆ ಮೆತ್ತಿ ಮೆತ್ತಿ, ಮಡ್‌ಗಾರ್ಡ್ ಚಕ್ರಕ್ಕೆ ಹತ್ತಿರವಿದ್ದರೆ ಅದರೊಳಗೆ ಕಚ್ಚಿಕೊಂಡು ಮುಂದಿನ ಚಕ್ರವೇ ತಿರುಗದೆ ನಿಲ್ಲುತ್ತದೆ. ಆ ಮಣ್ಣಿಗೆ ಯಾವ ಕಂಪನಿಯ ಯಾವ ಟೈರೂ ಉತ್ತರವಲ್ಲ. ಮಳೆ ಬಂದ ಮರುದಿನ ಬಿಸಿಲು ಕಾಣುವ ತನಕ ಡಾಂಬರಿನ ಮೇಲೇ ಸುತ್ತು ಹಾಕಿ ಹೋಗಿ.

ಪ್ರಶ್ನೆ: ಸ್ಪೋಕ್ ಚಕ್ರ ಒಳ್ಳೆಯದೋ, ಅಲಾಯ್ ಒಳ್ಳೆಯದೋ? ಮುಂದಿನ ಚಕ್ರ 21 ಇಂಚೋ, 19 ಇಂಚೋ? (ಸಕಲೇಶಪುರ)

ಉತ್ತರ: ಕಲ್ಲು, ಗುಂಡಿ ದಿನಾ ಇದ್ದರೆ 21 ಮತ್ತು ಸ್ಪೋಕ್. ದೊಡ್ಡ ಚಕ್ರ ಗುಂಡಿಯೊಳಗೆ ಇಳಿಯದೆ ಮೇಲೆ ಹಾದುಹೋಗುತ್ತದೆ. ಸ್ಪೋಕ್ ರಿಮ್ ಸೊಟ್ಟಗಾದರೆ ಸರಿಮಾಡಬಹುದು, ಅಲಾಯ್ ಬಿರುಕು ಬಿಟ್ಟರೆ ಬದಲಿಸಲೇಬೇಕು. ಟಾರೇ ಜಾಸ್ತಿ, ಮಣ್ಣು ಯಾವಾಗಲೋ ಅನ್ನುವವರಿಗೆ ಸುಜುಕಿ ವಿ-ಸ್ಟ್ರಾಮ್ ಎಸ್ಎಕ್ಸ್ ತರಹದ 19 ಇಂಚಿನ ಅಲಾಯ್ ಧಾರಾಳ ಸಾಕು, ಟ್ಯೂಬ್‌ಲೆಸ್ ಆದ್ದರಿಂದ ಪಂಕ್ಚರ್ ಆದರೆ ತೂತಿಗೆ ರಬ್ಬರ್ ಹುರಿ ತುರುಕಿ ಗಾಳಿ ತುಂಬಿದರೆ ಮುಗಿಯಿತು. ಹಿಮಾಲಯನ್ 450ಕ್ಕೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರವೂ ಸಿಗುತ್ತದೆ. ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಾದದ್ದು ಅದೊಂದೇ ಅಂತ ನನ್ನ ಅಭಿಪ್ರಾಯ.

ಟ್ಯೂಬ್ ಇರುವ ಗಾಡಿಯಾದರೆ 21 ಇಂಚಿನ ಟ್ಯೂಬ್ ಒಂದು ಬ್ಯಾಗಿನಲ್ಲಿರಲಿ. ಹಳ್ಳಿ ಅಂಗಡಿಯಲ್ಲಿ ಆ ಅಳತೆ ಸಿಗುವುದು ಕಷ್ಟ, ತುರ್ತಿಗೆ ಅದನ್ನೇ ಹಿಂದಿನ ಚಿಕ್ಕ ಚಕ್ರಕ್ಕೂ ಹಾಕಿಕೊಂಡು ಊರು ಸೇರಬಹುದು. ಮಣ್ಣಿಗಿಳಿದಾಗ ಗಾಳಿ ಐದಾರು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇಳಿಸಿದರೆ ಹಿಡಿತ ಚೆನ್ನಾಗಿರುತ್ತದೆ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ಹರಿಯುತ್ತದೆ.

ಪ್ರಶ್ನೆ: ಹಳೇ ಹಿಮಾಲಯನ್ 411 ಕಡಿಮೆಗೆ ಸಿಗುತ್ತಿದೆ. ತಗೊಳ್ಳಬಹುದಾ? (ಶಿವಮೊಗ್ಗ)

ಉತ್ತರ: ಧಾರಾಳವಾಗಿ. ವೇಗ ಬೇಡ, ನಿಧಾನಕ್ಕೆ ಎಲ್ಲಿಗೆ ಬೇಕಾದರೂ ಹತ್ತುವ ಗಾಡಿ ಬೇಕು ಅನ್ನುವವರಿಗೆ ಇವತ್ತಿಗೂ ಅದು ಒಳ್ಳೆಯದೇ. ತೂಕ ಮಾತ್ರ 200ರ ಹತ್ತಿರ, ಮೇಲೆ ಹೇಳಿದ ಎತ್ತುವ ಪರೀಕ್ಷೆ ನಿಮಗೂ ಇದೆ. 2016ರ ಮೊದಲ ಕಾರ್ಬುರೇಟರ್ ಗಾಡಿಗಳನ್ನು ಬಿಟ್ಟುಬಿಡಿ. 2020ರ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ಹುಡುಕಿ, ಅದರಲ್ಲಿ ಹಿಂದಿನ ಚಕ್ರದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ವ್ಯವಸ್ಥೆ) ಆಫ್ ಮಾಡಬಹುದು. ಸಡಿಲ ಮಣ್ಣಿನ ಇಳಿಜಾರಿನಲ್ಲಿ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಗಾಡಿ ನಿಲ್ಲುವುದೇ ಇಲ್ಲ ಅನ್ನಿಸುತ್ತದೆ, ಅದಕ್ಕೆ ಆ ಸ್ವಿಚ್ ಮುಖ್ಯ.

ನೋಡಲು ಹೋದಾಗ ಮೊದಲು ಕೆಳಗೆ ಬಗ್ಗಿ ಎಂಜಿನ್ ಅಡಿಯ ತಗಡು ನೋಡಿ, ಗಾಡಿ ಎಂಥ ಜಾಗಕ್ಕೆ ಹೋಗಿತ್ತು ಅಂತ ಮಾಲೀಕರಿಗಿಂತ ಚೆನ್ನಾಗಿ ಅದೇ ಹೇಳುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಮೇಲೆತ್ತಿಸಿ ಹ್ಯಾಂಡಲ್ ಮೆಲ್ಲಗೆ ಎಡಬಲ ತಿರುಗಿಸಿ. ನಡುವೆ ಎಲ್ಲೋ ಸಿಕ್ಕಿದ ಹಾಗೆ ನಿಂತರೆ ಬೇರಿಂಗ್ ಹೋಗಿದೆ, ಅಷ್ಟು ದುಡ್ಡು ಕಡಿಮೆ ಮಾಡಿಸಿ. ಫೋರ್ಕ್‌ನಲ್ಲಿ ಎಣ್ಣೆ ಜಿನುಗಿದೆಯಾ, ಸ್ಪೋಕ್ ಯಾವುದಾದರೂ ಸಡಿಲವಿದೆಯಾ ನೋಡಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ ಚಹಾ ಕುಡಿದು ಬರುತ್ತೇನೆ ಅಂತ ಹೇಳಿ, ಒಂದು ಗಂಟೆ ಬಿಟ್ಟು ವಾಪಸ್ ಹೋಗಿ.