ದಂತವೈದ್ಯ ಮಗ, ರ‍್ಯಾಲಿ ಕಾರು ಮತ್ತು ಟೋನಿ ಬ್ರೂಕ್ಸ್

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ. ಒಬ್ಬನೇ ಮಗ, 25 ವರ್ಷ, ಬಿ.ಡಿ.ಎಸ್. ಮುಗಿಸಿ ಇಂಟರ್ನ್‌ಶಿಪ್ಪನ್ನೂ ಪೂರೈಸಿದ್ದಾನೆ. ಕಾಲೇಜಿನ ದಿನಗಳಿಂದಲೂ ಅವನಿಗೆ ಕಾರ್ ರ‍್ಯಾಲಿಯ ಹುಚ್ಚು. ಕಳೆದ ವರ್ಷ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟಗಳಲ್ಲಿ ನಡೆದ ರ‍್ಯಾಲಿಯಲ್ಲಿ ಕಾರು ಪಲ್ಟಿಯಾಗಿ ಹೆಗಲ ಮೂಳೆ ಮುರಿಯಿತು. ಈಗ ಮತ್ತೆ ಹೊರಟು ನಿಂತಿದ್ದಾನೆ. ಕ್ಲಿನಿಕ್ಕಿಗೆಂದು ಕೂಡಿಟ್ಟ ಹಣದಲ್ಲಿ ಅರ್ಧವನ್ನು ಕಾರಿಗೆ ಕೊಡಿ ಎನ್ನುತ್ತಾನೆ. ಅವನ ತಂದೆ ಅವನೊಡನೆ ಮಾತು ಬಿಟ್ಟಿದ್ದಾರೆ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ನಾನೇ ಮುಟ್ಟಿಸುತ್ತಿದ್ದೇನೆ. ಇಂಗ್ಲೆಂಡಿನ ಟೋನಿ ಬ್ರೂಕ್ಸ್ ಎಂಬ ದೊಡ್ಡ ರೇಸ್ ಚಾಲಕರೂ ದಂತವೈದ್ಯಕೀಯ ಓದಿದವರೇ ಎಂದು ಮಗ ಫೋನಿನಲ್ಲಿ ತೋರಿಸಿದ. ಇದು ನಿಜವೇ? ನಾನು ಯಾರ ಪರ ನಿಲ್ಲಲಿ?

ಉತ್ತರ: ತಾಯಿ, ನಿಮ್ಮ ಮಗ ತೋರಿಸಿದ್ದರಲ್ಲಿ ಸುಳ್ಳೇನೂ ಇಲ್ಲ. 1932ರಲ್ಲಿ ಇಂಗ್ಲೆಂಡಿನ ಡಕಿನ್‌ಫೀಲ್ಡ್ ಎಂಬ ಊರಿನಲ್ಲಿ, ದಂತವೈದ್ಯರೊಬ್ಬರ ಮಗನಾಗಿ ಹುಟ್ಟಿದ ಬ್ರೂಕ್ಸ್, ಮ್ಯಾಂಚೆಸ್ಟರಿನಲ್ಲಿ ಅದೇ ವಿದ್ಯೆಯನ್ನು ಓದುತ್ತಲೇ ರೇಸಿಗಿಳಿದವರು. 1955ರ ಅಕ್ಟೋಬರಿನಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಕೊನಾಟ್ ಎಂಬ ಸಣ್ಣ ಬ್ರಿಟಿಷ್ ಕಂಪನಿಯ ಕಾರನ್ನು ಓಡಿಸಲು ಅವರನ್ನು ಇಟಲಿಯ ಸಿಸಿಲಿ ದ್ವೀಪದ ಸಿರಾಕ್ಯೂಸಿಗೆ ಕರೆಸಲಾಯಿತು. ಅದುವರೆಗೆ ಅವರು ಫಾರ್ಮುಲಾ ಒನ್ ಕಾರಿನಲ್ಲಿ ಸ್ಪರ್ಧಿಸಿದವರೇ ಅಲ್ಲ. ವಿಮಾನದಲ್ಲಿ ಪರೀಕ್ಷೆಗೆ ಓದಿಕೊಳ್ಳುತ್ತಾ ಹೋದ ಆ ಹುಡುಗ, ಮಾಸೆರಾಟಿ ತಂಡದ ಅನುಭವಿಗಳನ್ನು ಹಿಂದಿಕ್ಕಿ ಗೆದ್ದು, ಮತ್ತೆ ಪುಸ್ತಕ ಹಿಡಿದು ಊರಿಗೆ ಮರಳಿದರು. ಬ್ರಿಟಿಷ್ ಚಾಲಕನೊಬ್ಬ ಬ್ರಿಟಿಷ್ ಕಾರಿನಲ್ಲಿ ಗ್ರ್ಯಾನ್ ಪ್ರಿ (ಅಂತರರಾಷ್ಟ್ರೀಯ ಮಟ್ಟದ ದೊಡ್ಡ ಕಾರು ಓಟ) ಗೆದ್ದು ಆಗ ಮೂವತ್ತು ವರ್ಷಗಳಿಗೂ ಹೆಚ್ಚಾಗಿತ್ತು. ಇಂಥ ಕಥೆ ಕೇಳಿದ ಮೇಲೆ ಹಲ್ಲು ಕೀಳುವ ಇಕ್ಕಳ ನಿಮ್ಮ ಮಗನ ಕೈಗೆ ಸಪ್ಪೆಯೆನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ಯಜಮಾನರಿಗೆ ಹಿತವಾಗದ ಒಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬ್ರೂಕ್ಸ್ ಓದನ್ನು ನಡುವೆ ಬಿಡಲಿಲ್ಲ, ಪದವಿ ಪಡೆದರು, ಆದರೆ ದಂತವೈದ್ಯರಾಗಿ ಬದುಕು ಕಟ್ಟಿಕೊಳ್ಳಲಿಲ್ಲ. ರೇಸಿನಿಂದ ನಿವೃತ್ತರಾದ ಮೇಲೆ ವೇಬ್ರಿಜ್ ಎಂಬಲ್ಲಿ ಕಾರು ವ್ಯಾಪಾರದ ಗ್ಯಾರೇಜು ನಡೆಸಿದರು. ಆದ್ದರಿಂದ ‘ಹುಚ್ಚು ಇಳಿದ ಮೇಲೆ ಕ್ಲಿನಿಕ್ಕಿಗೆ ಬಂದೇ ಬರುತ್ತಾನೆ’ ಎಂಬ ಭರವಸೆಗೆ ಈ ಉದಾಹರಣೆಯಲ್ಲಿ ಆಧಾರವಿಲ್ಲ.

ಮಗ ನಿಮಗೆ ಹೇಳಿರಲಾರದ ಭಾಗ ಶುರುವಾಗುವುದು ಸಿರಾಕ್ಯೂಸಿನ ನಂತರ. 1956ರ ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ, ಸಿಲ್ವರ್‌ಸ್ಟನ್ ಟ್ರ್ಯಾಕಿನಲ್ಲಿ, ಅವರು ಓಡಿಸುತ್ತಿದ್ದ ಬಿ.ಆರ್.ಎಂ. ಕಾರಿನ ಆಕ್ಸಿಲರೇಟರ್ ಕೈಕೊಟ್ಟಿತು. ಪಿಟ್‌ನಲ್ಲಿ, ಅಂದರೆ ಓಟದ ನಡುವೆ ಕಾರು ನಿಲ್ಲಿಸಿ ರಿಪೇರಿ ಮಾಡುವ ಜಾಗದಲ್ಲಿ, ಹೇಗೋ ಸರಿಮಾಡಿ ಮತ್ತೆ ಕಳುಹಿಸಿದರು. ಅತಿ ವೇಗದ ತಿರುವೊಂದರಲ್ಲಿ ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡು, ಕಾರು ಮಗುಚಿ ಬೆಂಕಿಗೆ ಆಹುತಿಯಾಯಿತು. ಆ ಕಾಲದಲ್ಲಿ ಸೀಟ್ ಬೆಲ್ಟ್ ಇರಲಿಲ್ಲವಾದ್ದರಿಂದ ಬ್ರೂಕ್ಸ್ ಹೊರಕ್ಕೆ ಎಸೆಯಲ್ಪಟ್ಟರು. ಬೆಲ್ಟ್ ಇಲ್ಲದಿದ್ದುದೇ ಅಂದು ಜೀವ ಉಳಿಸಿತು. ಮರುವರ್ಷ ಜೂನಿನಲ್ಲಿ, ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ ನಡೆಯುವ 24 ಗಂಟೆಗಳ ಓಟದಲ್ಲಿ, ಅವರ ಆ್ಯಸ್ಟನ್ ಮಾರ್ಟಿನ್ ಕಾರಿನ ಗೇರ್ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಬಿಡಿಸುವ ಯತ್ನದಲ್ಲಿ ಗಮನ ಒಂದು ಕ್ಷಣ ಆಚೀಚೆಯಾಯಿತು, ಕಾರು ದಿಬ್ಬಕ್ಕೆ ಬಡಿದು ಮಗುಚಿತು, ಅವರು ಅದರಡಿ ಸಿಕ್ಕಿಕೊಂಡರು. ಹಿಂದಿನಿಂದ ಬಂದ ಇನ್ನೊಂದು ಕಾರು ಡಿಕ್ಕಿ ಹೊಡೆದು ಆ ಕಾರನ್ನು ಅವರ ಮೇಲಿನಿಂದ ಸರಿಸಿತು! ಇದಾದ ಕೆಲವೇ ವಾರಗಳಲ್ಲಿ, ಗಾಯಗಳು ಪೂರ್ತಿ ಮಾಯದ ಸ್ಥಿತಿಯಲ್ಲಿ, ಇಂಗ್ಲೆಂಡಿನ ಏಯ್ನ್‌ಟ್ರೀ ಟ್ರ್ಯಾಕಿನಲ್ಲಿ ವ್ಯಾನ್‌ವಾಲ್ ಎಂಬ ಬ್ರಿಟಿಷ್ ಕಾರನ್ನು ಮುಂಚೂಣಿಯ ಸಮೀಪದಲ್ಲಿ ಓಡಿಸಿ, ಮೊದಲೇ ಒಪ್ಪಿಕೊಂಡಿದ್ದಂತೆ ತಮ್ಮ ಕಾರನ್ನು ತಂಡದ ಸ್ಟರ್ಲಿಂಗ್ ಮಾಸ್ ಅವರಿಗೆ ಬಿಟ್ಟುಕೊಟ್ಟರು. ಮಾಸ್ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ನ ಗ್ರ್ಯಾನ್ ಪ್ರಿಯಲ್ಲಿ ಬ್ರಿಟಿಷ್ ಕಾರಿಗೆ ದೊರೆತ ಮೊದಲ ಗೆಲುವು ಅದು (ಸಿರಾಕ್ಯೂಸಿನ ಓಟ ಆ ಚಾಂಪಿಯನ್‌ಷಿಪ್‌ಗೆ ಸೇರಿರಲಿಲ್ಲ), ಇಬ್ಬರ ಹೆಸರಿನಲ್ಲೂ ದಾಖಲಾಗಿದೆ.

ಈ ಎರಡು ಅಪಘಾತಗಳ ಬಳಿಕ ಬ್ರೂಕ್ಸ್ ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು: ಕಾರಿನಲ್ಲಿ ದೋಷವಿದೆಯೆಂಬ ಅನುಮಾನ ಬಂದರೆ, ಆ ಕೊರತೆಯನ್ನು ತನ್ನ ಚಾಲನೆಯಿಂದ ತುಂಬಲು ಹೋಗಬಾರದು. ಅವರು ದೈವಭಕ್ತ ಕ್ಯಾಥೊಲಿಕ್ ಆಗಿದ್ದರು. ದೇವರು ಕೊಟ್ಟ ಜೀವವನ್ನು ಅನಗತ್ಯ ಅಪಾಯಕ್ಕೆ ಒಡ್ಡುವುದು ತಪ್ಪೆಂದು ನಂಬಿದ್ದರು. ಇದರಿಂದ ಅವರ ವೇಗ ಕುಗ್ಗಲಿಲ್ಲ. ಮರುವರ್ಷ, 1958ರಲ್ಲಿ, ಸ್ಪಾ, ನ್ಯೂರ್‌ಬರ್ಗ್‌ರಿಂಗ್ ಮತ್ತು ಮೊಂಜಾ ಎಂಬ ಅತಿ ಕಠಿಣವಾದ ಮೂರು ಟ್ರ್ಯಾಕುಗಳಲ್ಲಿ ಗೆದ್ದರು.

ಕಟ್ಟಳೆಯ ನಿಜವಾದ ಬೆಲೆ ತೆರಬೇಕಾಗಿ ಬಂದದ್ದು 1959ರ ಡಿಸೆಂಬರಿನಲ್ಲಿ, ಅಮೆರಿಕದ ಸೀಬ್ರಿಂಗ್‌ನಲ್ಲಿ. ಆಗ ಅವರು ಫೆರಾರಿ ತಂಡದಲ್ಲಿದ್ದರು. ವರ್ಷದ ಕೊನೆಯ ರೇಸು. ಜಾಕ್ ಬ್ರಾಭಮ್, ಮಾಸ್ ಮತ್ತು ಬ್ರೂಕ್ಸ್, ಈ ಮೂವರಲ್ಲಿ ಯಾರು ಬೇಕಾದರೂ ವಿಶ್ವ ಚಾಂಪಿಯನ್ ಆಗಬಹುದಿತ್ತು. ಮೊದಲ ಸುತ್ತಿನಲ್ಲೇ ಅವರದೇ ತಂಡದ ಫಾನ್ ಟ್ರಿಪ್ಸ್ ಅವರ ಕಾರು ಹಿಂದಿನಿಂದ ಬಂದು ಇವರ ಕಾರಿಗೆ ತಾಗಿತು. ಏನಾದರೂ ಮುರಿದಿದೆಯೇ ಎಂಬುದು ಕುಳಿತಲ್ಲಿಂದ ತಿಳಿಯುವಂತಿರಲಿಲ್ಲ. ಬ್ರೂಕ್ಸ್ ಪಿಟ್‌ಗೆ ಬಂದು ಕಾರನ್ನು ಪರೀಕ್ಷಿಸಲು ಹೇಳಿದರು. ಓಡಿಸಲು ಅಡ್ಡಿಯಾಗುವಂಥದ್ದೇನೂ ಕಾಣಲಿಲ್ಲ. ಆದರೆ ಕಳೆದುಹೋದ ನಿಮಿಷಗಳು ಮರಳಿ ಸಿಗಲಿಲ್ಲ. ಅವರು ಮೂರನೆಯವರಾಗಿ ಮುಗಿಸಿದರು, ಕೊನೆಯಲ್ಲಿ ಪೆಟ್ರೋಲ್ ಮುಗಿದು ಕಾರನ್ನು ತಳ್ಳಿಕೊಂಡು ನಾಲ್ಕನೆಯವರಾಗಿ ಬಂದ ಬ್ರಾಭಮ್ ಚಾಂಪಿಯನ್ ಆದರು, ಬ್ರೂಕ್ಸ್ ಅಂಕಪಟ್ಟಿಯಲ್ಲಿ ಎರಡನೆಯವರಾಗಿ ಉಳಿದರು. ಅಂಥ ಅವಕಾಶ ಅವರಿಗೆ ಮತ್ತೆಂದೂ ಬರಲಿಲ್ಲ. ಹಾಗಿದ್ದರೂ ಆ ದಿನ ನಿಂತದ್ದು ಸರಿಯೆಂಬ ನಿಲುವನ್ನು ಅವರು ಬದಲಿಸಲಿಲ್ಲ. 1961ರ ಕೊನೆಗೆ, ಇನ್ನೂ ಮೂವತ್ತು ತುಂಬುವ ಮುನ್ನ, ರೇಸಿನಿಂದ ಹೊರಬಂದು, 2022ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆದರೆ ಇದನ್ನು ‘ಎಚ್ಚರವಿದ್ದರೆ ಬದುಕುತ್ತಾರೆ’ ಎಂದು ಓದಿಕೊಂಡು ಸಮಾಧಾನಪಡಬೇಡಿ. ಬ್ರೂಕ್ಸ್ ಕಟ್ಟಳೆ ಹಾಕಿಕೊಂಡದ್ದು ಎರಡು ಸಲ ಅದೃಷ್ಟದಿಂದ ಉಳಿದ ಮೇಲೆ. ಅವರು ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಗೆದ್ದ ದಿನವೇ, ಅವರನ್ನು ಬೆನ್ನಟ್ಟುತ್ತಿದ್ದ ಪೀಟರ್ ಕಾಲಿನ್ಸ್ ಟ್ರ್ಯಾಕಿನಿಂದ ಹೊರಬಿದ್ದು ಸತ್ತರು. ಅದೇ ವರ್ಷ ಕಾಸಾಬ್ಲಾಂಕಾದಲ್ಲಿ ಅವರ ತಂಡದ ಸ್ಟುವರ್ಟ್ ಲೂಯಿಸ್-ಇವಾನ್ಸ್ ಕಾರಿನ ಎಂಜಿನ್ ಹಠಾತ್ತನೆ ಬಿಗಿದು, ಕಾರು ಅಪ್ಪಳಿಸಿ ಬೆಂಕಿ ಹೊತ್ತಿತು, ಸುಟ್ಟಗಾಯಗಳಿಂದ ಅವರು ಕೆಲವು ದಿನಗಳಲ್ಲಿ ಅಸುನೀಗಿದರು. ಅದರಲ್ಲಿ ಚಾಲಕನ ದುಡುಕಿನ ಮಾತೇ ಇರಲಿಲ್ಲ. ಇಂದು ರೋಲ್ ಕೇಜ್ (ಕಾರು ಮಗುಚಿದರೂ ಒಳಗಿನವರನ್ನು ಕಾಯುವ ಉಕ್ಕಿನ ಚೌಕಟ್ಟು), ಐದಾರು ಪಟ್ಟಿಗಳ ಬೆಲ್ಟ್, ಬೆಂಕಿ ತಡೆಯುವ ಉಡುಪು, ಸ್ಪರ್ಧೆಗೆ ಲೈಸೆನ್ಸ್ ಎಲ್ಲವೂ ಇವೆ. ನಿಮ್ಮ ಮಗ ಹೆಗಲ ಮೂಳೆಯೊಂದನ್ನೇ ಮುರಿದುಕೊಂಡು ಎದ್ದು ಬಂದದ್ದು ಬಹುಶಃ ಇವುಗಳಿಂದಲೇ. ಅಪಾಯ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಅಷ್ಟನ್ನು ಒಪ್ಪಿಕೊಂಡೇ ಮುಂದಿನ ಮಾತಾಡಬೇಕು.

ಹಾಗಾಗಿ, ಯಾರ ಪರ ಎಂದು ತೀರ್ಮಾನಿಸುವ ಮೊದಲು ನೀವು ಮಗನನ್ನು ಕೂರಿಸಿಕೊಂಡು ಸೀಬ್ರಿಂಗ್‌ನ ಸಂಗತಿ ತಿಳಿಸಿ. ತಿಳಿಸಿ, ಕಳೆದ ವರ್ಷ ಕಾರು ಪಲ್ಟಿಯಾದದ್ದು ಏಕೆಂದು ಕೇಳಿ. ‘ನನ್ನ ದುರದೃಷ್ಟ’ ಎಂದರೆ ಅದು ಉತ್ತರವಲ್ಲ. ಯಾವ ತಿರುವು, ಎಷ್ಟು ವೇಗ, ಎಲ್ಲಿ ತಪ್ಪಿತು, ಈಗ ಏನನ್ನು ಬದಲಿಸಿಕೊಂಡಿದ್ದಾನೆ ಎಂಬುದನ್ನು ಬಿಡಿಸಿ ಹೇಳಬಲ್ಲನಾದರೆ ಅವನು ಆಟವನ್ನು ಗಂಭೀರವಾಗಿ ಹಿಡಿದಿದ್ದಾನೆಂದು ತಿಳಿಯಿರಿ. ಮುಂದಿನ ಸಲ ಯಾವ ಸಂದರ್ಭದಲ್ಲಿ, ಗೆಲುವು ಕೈಯಳತೆಯಲ್ಲಿದ್ದರೂ, ಕಾರನ್ನು ಪಕ್ಕಕ್ಕೆ ನಿಲ್ಲಿಸುತ್ತೀಯ ಎಂದೂ ಕೇಳಿ. ಅಂಥ ಸಂದರ್ಭ ಬರುವುದೇ ಇಲ್ಲ ಎಂದು ನಕ್ಕರೆ, ಬ್ರೂಕ್ಸ್ ಹೆಸರೆತ್ತುವ ಅರ್ಹತೆ ಅವನಿಗೆ ಇನ್ನೂ ಬಂದಿಲ್ಲ.

ಇನ್ನೊಂದು ವಿಷಯವಿದೆ, ಅದನ್ನು ನಿಮ್ಮ ಪತ್ರ ಮುಟ್ಟಿಯೇ ಇಲ್ಲ. ಗ್ರ್ಯಾನ್ ಪ್ರಿ ಕಾರಿನಲ್ಲಿ ಚಾಲಕ ಒಬ್ಬನೇ. ರ‍್ಯಾಲಿಯಲ್ಲಿ ಪಕ್ಕದ ಸೀಟಿನಲ್ಲಿ ದಾರಿಯ ಟಿಪ್ಪಣಿ ಓದುವ ಸಹಚಾಲಕ ಇರುತ್ತಾನೆ. ಕಾರು ಪಲ್ಟಿಯಾದ ದಿನ ಆ ಹುಡುಗನೂ ಅದರೊಳಗೆ ಇದ್ದನಲ್ಲವೇ? ಅವನಿಗೆ ಏನಾಯಿತು, ಅವನ ಮನೆಯವರೊಡನೆ ನಿಮ್ಮ ಮಗ ಮಾತನಾಡಿದ್ದಾನೆಯೇ, ಅವನು ಮತ್ತೆ ಅದೇ ಸೀಟಿನಲ್ಲಿ ಕೂರಲು ಮನಃಪೂರ್ವಕ ಒಪ್ಪಿದ್ದಾನೆಯೇ? ನಿಮ್ಮ ಮಗನ ಮನಸ್ಸನ್ನು ಅರಿಯಲು ಈ ಪ್ರಶ್ನೆಗಳಿಗಿಂತ ನೇರವಾದ ದಾರಿ ನನಗೆ ತೋಚುತ್ತಿಲ್ಲ.

ಹಣದ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ: ಕ್ಲಿನಿಕ್ಕಿನ ಹಣವನ್ನು ಕಾರಿಗೆ ಕೊಡಬೇಡಿ. ಕೈಯಲ್ಲಿ ಪದವಿಯಿದೆ, ಹಾಸನದಲ್ಲಿಯೋ ಬೆಂಗಳೂರಿನಲ್ಲಿಯೋ ಹಿರಿಯ ವೈದ್ಯರ ಬಳಿ ಕೆಲಸಕ್ಕೆ ಸೇರಿ, ತನ್ನ ಸಂಬಳದಲ್ಲಿ ಉಳಿಸಿದ್ದರಿಂದ ವರ್ಷಕ್ಕೆ ಒಂದೆರಡು ರ‍್ಯಾಲಿಗೆ ಹೋಗಲಿ. ವಿಮೆಯ ಪಾಲಿಸಿಯನ್ನು ಓದಿ ನೋಡಲಿ, ಸಾಮಾನ್ಯ ಪಾಲಿಸಿಗಳಲ್ಲಿ ಮೋಟಾರು ಸ್ಪರ್ಧೆಯ ಗಾಯಗಳಿಗೆ ಹಣ ಸಿಗದಿರುವುದು ಹೆಚ್ಚು. ಹೆಗಲು ಪೂರ್ತಿ ಕೂಡಿದೆಯೆಂದು ಮೂಳೆ ತಜ್ಞರು ಹೇಳುವವರೆಗೆ ಸ್ಟೀರಿಂಗ್ ಮುಟ್ಟದಿರಲಿ. ದಂತವೈದ್ಯನ ಕೆಲಸಕ್ಕೂ ಅದೇ ಹೆಗಲು ಬೇಕು.

ಇನ್ನು ನಿಮ್ಮ ಯಜಮಾನರ ಮೌನ. ಅವರ ಕೋಪದ ಕೆಳಗೆ ಇರುವುದು ಆಸ್ಪತ್ರೆಯಿಂದ ಫೋನ್ ಬಂದ ದಿನದ ಭಯವೆಂದೇ ನನ್ನ ಊಹೆ. ಭಯವಾಗುತ್ತದೆ ಎಂದು ಮಗನೆದುರು ಹೇಳಲು ನಮ್ಮ ಗಂಡಸರಿಗೆ ಬಾಯಿ ಬರುವುದಿಲ್ಲ, ಅದರ ಬದಲು ಮಾತು ಬಿಡುತ್ತಾರೆ. ನೀವು ಇಬ್ಬರ ನಡುವೆ ಸುದ್ದಿ ಸಾಗಿಸುವುದನ್ನು ನಿಲ್ಲಿಸಿದರೆ ಮೊದಮೊದಲು ಮನೆ ಇನ್ನೂ ಬಿಗಿಯಾಗಬಹುದು. ಆದರೂ ನಿಲ್ಲಿಸಿ. ಮೇಲಿನ ಪ್ರಶ್ನೆಗಳಿಗೆ ಮಗ ಉತ್ತರ ಕೊಡಬೇಕಾದದ್ದು ನಿಮಗಲ್ಲ, ತಂದೆಗೆ ಎಂದು ಅವನಿಗೆ ಸ್ಪಷ್ಟವಾಗಿ ಹೇಳಿ. ‘ನಿನ್ನ ಬಗ್ಗೆ ಹೆದರಿಕೆಯಾಗುತ್ತದೆ’ ಎಂಬ ಒಂದು ಮಾತನ್ನು ತಂದೆಯೇ ಆಡಬೇಕೆಂದು ಅವರಿಗೂ ಹೇಳಿ. ಆ ಮಾತುಕತೆ ನಡೆಯುವ ತನಕ ಕ್ಲಿನಿಕ್ಕಿನ ಹಣ ಬ್ಯಾಂಕಿನಲ್ಲೇ ಇರಲಿ.